ಹೊನ್ನಾವರ ಪಟ್ಟಿಯಲ್ಲಿದ್ದರೂ ಕಂಪ್ಯೂಟರಿಗೆ ಸಿಗಲಿಲ್ಲ

ಮಾನ್ಯ ಸಂಪಾದಕರೇ,

ಕಳೆದ ತಿಂಗಳು ಕಾರವಾರದ ಕಚೇರಿಯೊಂದರಲ್ಲಿ ನನ್ನ ಅರ್ಜಿ ಏನಾಯಿತೆಂದು ವಿಚಾರಿಸಿದಾಗ, ಕೌಂಟರಿನಲ್ಲಿದ್ದವರು ತಾಲ್ಲೂಕಿನ ಜಾಗದಲ್ಲಿ ‘ಹೊನ್ನಾವರ’ ಎಂದು ಟೈಪಿಸಿ, “ಏನೂ ಬರ್ತಾ ಇಲ್ಲ ಸರ್, ನಿಮ್ಮ ಅರ್ಜಿಯೇ ಬಂದಿಲ್ಲ” ಎಂದರು. ಅವರ ಮೇಜಿನ ಮೇಲಿದ್ದ ಮುದ್ರಿತ ಪಟ್ಟಿಯಲ್ಲಿ ನನ್ನ ಹೆಸರೂ ಇತ್ತು, ಹೊನ್ನಾವರವೂ ಇತ್ತು. ಕೊನೆಗೆ ಅರ್ಜಿ ಸಂಖ್ಯೆ ಹಾಕಿ ಹುಡುಕಿದ ಮೇಲೆ ಅರ್ಜಿ ಸಿಕ್ಕಿತು.

ಪಿಯುಸಿ ಮಕ್ಕಳಿಗೆ ಅರೇಯಲ್ಲಿ (ಪ್ರೋಗ್ರಾಂ ಸಾಲಾಗಿ ಜೋಡಿಸಿಟ್ಟುಕೊಳ್ಳುವ ಪಟ್ಟಿಯಲ್ಲಿ) ಹುಡುಕುವುದನ್ನು ಕಲಿಸುವವನಾದ್ದರಿಂದ ಕಂಪ್ಯೂಟರಿನ ಕಡತದಲ್ಲಿದ್ದ ನನ್ನ ಅರ್ಜಿಯ ಸಾಲನ್ನು ಕೇಳಿ ಪಡೆದು ಪರಿಶೀಲಿಸಿದೆ. ಪ್ರೋಗ್ರಾಂ ಅಕ್ಷರದ ರೂಪವನ್ನು ನೋಡುವುದಿಲ್ಲ, ಅದರ ಹಿಂದಿನ ಸಂಕೇತಸಂಖ್ಯೆಗಳನ್ನಷ್ಟೇ ಹೋಲಿಸುತ್ತದೆ. ಅಕ್ಷರಗಳಿಗೆ ಇಂಥ ಸಂಖ್ಯೆಗಳನ್ನು ಗೊತ್ತುಪಡಿಸುವ ಯುನಿಕೋಡ್ ಪದ್ಧತಿಯಲ್ಲಿ ‘ಹೊ’ ಎಂಬುದನ್ನು ಹಕಾರಕ್ಕೆ ಒತ್ವದ ಒಂದೇ ಸಂಕೇತ ಸೇರಿಸಿಯೂ ಬರೆಯಬಹುದು, ಎತ್ವ ಮತ್ತು ಕೊಂಬಿನಿಳಿಯ ಎರಡು ಸಂಕೇತ ಸೇರಿಸಿಯೂ ಬರೆಯಬಹುದು. ಕಡತದಲ್ಲಿದ್ದ ಹೊನ್ನಾವರದಲ್ಲಿ 9 ಸಂಕೇತಗಳಿದ್ದವು, ಕೌಂಟರಿನಲ್ಲಿ ಟೈಪಿಸಿದ್ದರಲ್ಲಿ 8. ಪರದೆಯ ಮೇಲೆ ಎರಡಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸ ಕಾಣದಿದ್ದರೂ ಹೋಲಿಸಿದಾಗ ಮಾತ್ರ ಎರಡೂ ಬೇರೆ ಬೇರೆ ಎಂದೇ ಬರುತ್ತದೆ. ಏತ್ವವನ್ನೂ ಹೀಗೆ ಎರಡು ತುಂಡಾಗಿ, ಓತ್ವವನ್ನಂತೂ ಮೂರು ತುಂಡಾಗಿಯೂ ಬರೆಯಲು ಬರುತ್ತದೆ. ನಮ್ಮ ಉತ್ತರ ಕನ್ನಡ ಜಿಲ್ಲೆಯ 12 ತಾಲ್ಲೂಕುಗಳ ಪೈಕಿ ಅಂಕೋಲಾ, ಹೊನ್ನಾವರ, ಮುಂಡಗೋಡ, ಜೋಯಿಡಾ, ದಾಂಡೇಲಿ ಈ ಐದಕ್ಕೂ ಇದೇ ತೊಂದರೆ ಬರಬಹುದು.

ತರಗತಿಯಲ್ಲಿ ನಾವು ಕಲಿಸುವುದು ಬಹುಪಾಲು ವೇಗದ ಲೆಕ್ಕ. ಈ 12 ಹೆಸರುಗಳನ್ನು ಒಂದೊಂದಾಗಿ ನೋಡುತ್ತ ಹೋದರೆ ಹೆಚ್ಚೆಂದರೆ 12 ಹೋಲಿಕೆ. ಅಕಾರಾದಿಯಾಗಿ ಜೋಡಿಸಿಟ್ಟು ಪ್ರತಿ ಸಲ ಅರ್ಧ ಭಾಗವನ್ನು ಬಿಡುತ್ತ ಬಂದರೆ 4 ಸಾಕು. ಹೋಲಿಕೆಯೇ ತಪ್ಪಿದ ಮೇಲೆ 4 ಆದರೇನು, 12 ಆದರೇನು?

ಪರಿಹಾರ ದುಬಾರಿಯದಲ್ಲ. ಒಂದೇ ಅಕ್ಷರದ ಬೇರೆ ಬೇರೆ ಸಂಕೇತರೂಪಗಳನ್ನು ಒಂದೇ ರೂಪಕ್ಕೆ ತರುವ ನಾರ್ಮಲೈಸ್ ಸೌಲಭ್ಯವು ಪೈಥಾನ್, ಜಾವಾ, ಜಾವಾಸ್ಕ್ರಿಪ್ಟ್ ಎಂಬ ಮೂರು ಪ್ರೋಗ್ರಾಮಿಂಗ್ ಭಾಷೆಗಳಲ್ಲೂ ಇದೆ. ಕಚೇರಿಗಳಿಗೆ ತಂತ್ರಾಂಶ ಸಿದ್ಧಪಡಿಸುವವರು ಹೆಸರನ್ನು ದಾಖಲಿಸುವಾಗಲೂ ಹುಡುಕುವಾಗಲೂ ಅದನ್ನು ಬಳಸಬೇಕು, ಅದಾಗಲೇ ದಾಖಲಾಗಿರುವ ಹೆಸರುಗಳನ್ನೂ ಒಮ್ಮೆ ಅದೇ ರೀತಿ ಸರಿಪಡಿಸಬೇಕು. ಅಲ್ಲಿಯವರೆಗೆ ಕೌಂಟರಿನ ಸಿಬ್ಬಂದಿಯು ‘ಅರ್ಜಿ ಬಂದಿಲ್ಲ’ ಎಂದು ಹೇಳಿ ಕಳಿಸುವ ಮುನ್ನ ಅರ್ಜಿ ಸಂಖ್ಯೆಯಿಂದಲೂ ಒಮ್ಮೆ ಹುಡುಕಿ ನೋಡುವಂತೆ ಮೇಲಧಿಕಾರಿಗಳು ಸೂಚಿಸಬೇಕೆಂದು ಕೋರುತ್ತೇನೆ.

ಇಂತಿ,
ಗಣಕ ವಿಜ್ಞಾನ ಉಪನ್ಯಾಸಕ, ಹೊನ್ನಾವರ