ವಯಸ್ಸು ಇಳಿಸಿ ಬರೆದ ಅಜ್ಜಂದಿರು: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯ,

ನಾನಿಲ್ಲಿ ಕ್ಷೇಮ, ನೀನೂ ಮನೆಯವರೂ ಕ್ಷೇಮವೆಂದು ನಂಬಿದ್ದೇನೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಎಪ್ಪತ್ತು ದಾಟಿದ ಮುದುಕರು ಬ್ರಿಟನ್ನಿನಲ್ಲಿ ಬಂದೂಕು ಹಿಡಿದು ಕಾವಲು ನಿಂತದ್ದು ನಿಜವೇ, ಅಥವಾ ಪತ್ರಿಕೆಯವರು ಜನರಿಗೆ ಹುರುಪು ತುಂಬಲು ಕಟ್ಟಿದ ಕಥೆಯೇ ಎಂದು ನೀನು ಕೇಳಿದ್ದೆ. ಉತ್ತರ ತಡವಾಯಿತು, ಏಕೆಂದರೆ ಕಾಗದಪತ್ರ ಕಣ್ಣಾರೆ ನೋಡದೆ ಹೌದೆನ್ನಲು ನನಗೆ ಮನಸ್ಸಾಗಲಿಲ್ಲ.

ನೀನು ಕೇಳಿದ ಆ ಕಾವಲು ಪಡೆಯ ಹೆಸರು ಹೋಂ ಗಾರ್ಡ್. ಹಾಗೆಂದೊಡನೆ ನಮ್ಮ ಕಡೆ ಜಾತ್ರೆಯಲ್ಲಿ, ಚುನಾವಣೆಯಲ್ಲಿ ನಿಲ್ಲುವ ಗೃಹರಕ್ಷಕ ದಳದವರು ನೆನಪಾಗುತ್ತಾರೆ. ಹೆಸರು ಒಂದೇ ಆದರೂ ಬ್ರಿಟನ್ನಿನದು ಹುಟ್ಟಿದ್ದು ಭಯದಲ್ಲಿ. 1940ರ ಮೇ 14ರ ಸಂಜೆ ಯುದ್ಧ ಮಂತ್ರಿ ಆಂಥನಿ ಈಡನ್ ರೇಡಿಯೋದಲ್ಲಿ ಮಾತನಾಡಿ, ಜರ್ಮನ್ ಸೈನಿಕರು ಪ್ಯಾರಾಚೂಟಿನಲ್ಲಿ ಇಳಿಯಬಹುದಾದ್ದರಿಂದ 17ರಿಂದ 65 ವರ್ಷದೊಳಗಿನ ಗಂಡಸರು ತಮ್ಮ ತಮ್ಮ ಊರಿನ ರಕ್ಷಣೆಗೆ ಮುಂದೆ ಬರಬೇಕೆಂದು ಕರೆ ಕೊಟ್ಟರು. ಸಂಬಳವಿಲ್ಲ, ಸಮವಸ್ತ್ರ ಮತ್ತು ಆಯುಧ ಮಾತ್ರ ಕೊಡಲಾಗುವುದು ಎಂದೂ ಹೇಳಿದರು. ಮೊದಲಿಗೆ ಅದಕ್ಕಿದ್ದ ಹೆಸರು ‘ಲೋಕಲ್ ಡಿಫೆನ್ಸ್ ವಾಲಂಟಿಯರ್ಸ್’. ಜುಲೈ ತಿಂಗಳಲ್ಲಿ ಚರ್ಚಿಲ್ಲರ ಒತ್ತಾಯದಿಂದ ‘ಹೋಂ ಗಾರ್ಡ್’ ಆಯಿತು. ಬಂದವರಿಗೆಲ್ಲ ಕೊಡುವಷ್ಟು ಬಂದೂಕು ಇರಲಿಲ್ಲ. ಆಮೇಲೆ ಅಮೆರಿಕದಿಂದ ಬಂದ ಬಂದೂಕುಗಳ ಗುಂಡಿನ ಅಳತೆ ಬೇರೆಯಾಗಿದ್ದುದರಿಂದ, ಕತ್ತಲೆಯಲ್ಲಿ ಯಾರೂ ತಪ್ಪು ಗುಂಡು ತುಂಬದಿರಲೆಂದು ಅವುಗಳಿಗೆ ಕೆಂಪು ಬಣ್ಣದ ಪಟ್ಟಿ ಬಳಿದಿದ್ದರು.

65ರ ಮಿತಿ ಕಾಗದದ ಮೇಲಿತ್ತು. ಆದರೆ ಮೊದಲ ದಿನಗಳ ನೂಕುನುಗ್ಗಲಿನಲ್ಲಿ ಜನನ ಪತ್ರ ತೋರಿಸಿ ಎಂದು ಕೇಳುವಷ್ಟು ವ್ಯವಧಾನ ಯಾರಿಗಿತ್ತು? ಮರೆಮಾಚುವ ಪ್ರಶ್ನೆಯೇ ಇಲ್ಲದ ಉದಾಹರಣೆ ಬೇಕೆಂದರೆ ಜನರಲ್ ಸರ್ ಹ್ಯೂಬರ್ಟ್ ಗಫ್ ಇದ್ದಾರೆ. 1870ರ ಆಗಸ್ಟಿನಲ್ಲಿ ಹುಟ್ಟಿದವರು. ದಕ್ಷಿಣ ಆಫ್ರಿಕಾದ ಬೋಯರ್ ಯುದ್ಧದಲ್ಲಿ ಲೇಡಿಸ್ಮಿತ್ ನಗರದ ಮುತ್ತಿಗೆ ಬಿಡಿಸಲು ಹೋದ ಪಡೆಯಲ್ಲಿದ್ದವರು. ಮೊದಲ ಮಹಾಯುದ್ಧದಲ್ಲಿ ಐದನೆಯ ಸೇನೆಯನ್ನು ನಡೆಸಿ 1918ರ ಮಾರ್ಚಿನ ಹಿನ್ನಡೆಯ ನಂತರ ಆ ಹುದ್ದೆ ಕಳೆದುಕೊಂಡವರು. ಅವರು 1940ರಲ್ಲಿ ಲಂಡನ್ನಿನ ಚೆಲ್ಸಿಯಲ್ಲಿ ಈ ಸ್ವಯಂಸೇವಕರ ನಾಯಕತ್ವ ವಹಿಸಿಕೊಂಡರು, ಎಪ್ಪತ್ತು ತುಂಬಿದ ಮೇಲೂ ಮುಂದುವರಿದು 1942ರಲ್ಲಿ ಬಿಟ್ಟರು. ಜನರಲ್ಲರ ವಯಸ್ಸು ಗ್ರಂಥಗಳಲ್ಲಿ ಸಿಗುತ್ತದೆ. ನನ್ನನ್ನು ಕಾಡಿದವರು ಹೆಸರಿಲ್ಲದ ಸಾಮಾನ್ಯ ಸಿಪಾಯಿಗಳು.

ಅಂಥವರನ್ನು ಹುಡುಕುವ ದಾರಿ ಅವರು ಸೇರುವಾಗ ತುಂಬಿದ ಅರ್ಜಿಯಿಂದ ಶುರುವಾಗುತ್ತದೆ. ಈ ಅರ್ಜಿಗಳನ್ನು ಲಂಡನ್ನಿನ ಕ್ಯೂ ಎಂಬಲ್ಲಿರುವ ರಾಷ್ಟ್ರೀಯ ಪತ್ರಾಗಾರಕ್ಕೆ ಸೇರಿಸಲಾಗಿದೆ. ಅವುಗಳಲ್ಲಿ ಇಂಗ್ಲೆಂಡಿನ ಡರಮ್ ಪ್ರಾಂತ್ಯದವು ಓದುಗರಿಗೆ ಮೊದಲು ತೆರೆದವು. ಹೆಸರು, ವಿಳಾಸ, ಹುಟ್ಟಿದ ದಿನ, ಹಿಂದಿನ ಸೇನಾಸೇವೆ, ಬಿಡುಗಡೆಯ ದಿನ ಎಲ್ಲವೂ ಅದರಲ್ಲಿರುತ್ತದೆ. ಅಂಥದೊಂದು ಹಾಳೆ ನನ್ನ ಮುಂದೆ ಬಂದಾಗ ನಾನು ಬಹಳ ಹೊತ್ತು ಅದನ್ನೇ ನೋಡುತ್ತ ಕುಳಿತೆ. ಹುಟ್ಟಿದ ದಿನದ ಜಾಗದಲ್ಲಿ 1876ರ ನವೆಂಬರ್ ಎಂದಿತ್ತು. ಅಂದರೆ ಸೇರುವಾಗ 63, ನಿಯಮಕ್ಕೆ ಸರಿಯಾಗಿದೆ. ಎರಡು ಸಾಲು ಕೆಳಗೆ ಹಿಂದಿನ ಸೇವೆ ಎಂಬಲ್ಲಿ ಅದೇ ಕೈಬರಹದಲ್ಲಿ ‘ಸುಡಾನ್, 1885’ ಎಂದಿತ್ತು. ಎಂಟು ವರ್ಷದ ಹುಡುಗ ಸುಡಾನಿನ ಮರಳಿನಲ್ಲಿ ಯುದ್ಧ ಮಾಡಲಾರ, ಗೆಳೆಯ! ವಯಸ್ಸನ್ನು ಇಳಿಸಿದವರಿಗೆ ತಾವು ಕಾದಿದ ಯುದ್ಧವನ್ನು ಬಿಟ್ಟುಬಿಡಲು ಮನಸ್ಸು ಬಂದಿರಲಿಲ್ಲ.

ಆಮೇಲೆ ಜನಗಣತಿ ತೆಗೆದೆ. 1911ರ ಹಾಳೆಗಳನ್ನು ಮನೆಯ ಯಜಮಾನರೇ ತುಂಬುತ್ತಿದ್ದುದರಿಂದ ಕೈಬರಹವನ್ನು ಪಕ್ಕಪಕ್ಕದಲ್ಲಿಟ್ಟು ಹೋಲಿಸಬಹುದು. ಅಲ್ಲಿ 43 ಎಂದಿತ್ತು. 1921ರ ಗಣತಿಯಲ್ಲಿ ವರ್ಷದ ಜೊತೆಗೆ ತಿಂಗಳನ್ನೂ ಕೇಳಿದ್ದರು. ಅಲ್ಲಿ 53 ವರ್ಷ 7 ತಿಂಗಳು. ಲೆಕ್ಕ ಹಾಕಿದರೆ ಹುಟ್ಟಿದ್ದು 1867ರ ನವೆಂಬರ್. ತಿಂಗಳನ್ನು ಮುಟ್ಟದೆ ಇಸವಿಯಿಂದ ಒಂಬತ್ತು ವರ್ಷ ಮಾತ್ರ ಕಳೆದಿದ್ದಾರೆ. ಸುಡಾನಿನಲ್ಲಿ ಅವರಿಗೆ 17. ಹೋಂ ಗಾರ್ಡ್ ಸೇರಿದಾಗ 72. ಮೊದಲ ಮಹಾಯುದ್ಧದಲ್ಲಿ ಮೀಸೆ ಮೂಡದ ಹುಡುಗರು ವಯಸ್ಸು ಏರಿಸಿ ಸೇನೆಗೆ ಸೇರಿದ್ದನ್ನು ನಾವು ಓದಿದ್ದೇವೆ. ಅದೇ ದೇಶದಲ್ಲಿ ಕಾಲು ಶತಮಾನದ ನಂತರ ಮುದುಕರು ಇಳಿಸಿ ಬರೆದರು. ಇದನ್ನು ಮೋಸವೆನ್ನಲು ನನಗೆ ನಾಲಿಗೆ ಬರುವುದಿಲ್ಲ.

ಆದ್ದರಿಂದಲೇ ‘ಅತ್ಯಂತ ಹಿರಿಯ ಹೋಂ ಗಾರ್ಡ್’ ಎಂದು ಯಾರಾದರೂ ಬರೆದರೆ ನಾನು ಒಪ್ಪುವುದಿಲ್ಲ. ಅರ್ಜಿಯ ವಯಸ್ಸನ್ನೇ ನಂಬಿ ಪಟ್ಟಿ ಮಾಡಿದರೆ ನಿಜವಾಗಿ ಹಿರಿಯರಾದವರೇ ಅದರಿಂದ ಬಿಟ್ಟುಹೋಗುತ್ತಾರೆ. ಜರ್ಮನಿಯಲ್ಲಿ ಇದು ತಿರುಗುಮುರುಗು: 1944ರ ಸೆಪ್ಟೆಂಬರಿನ ಆಜ್ಞೆಯಿಂದ ಆ ದೇಶ 16ರಿಂದ 60 ವರ್ಷದವರನ್ನು ಫೋಕ್ಸ್‌ಸ್ಟುರ್ಮ್ ಎಂಬ ಪಡೆಗೆ ಎಳೆದುಕೊಂಡಿತು. ಅಲ್ಲಿ ವಯಸ್ಸು ಇಳಿಸುವ ಆಸೆ ಯಾರಿಗೆ ಇದ್ದೀತು?

ಆ ಹಾಳೆಯ ಕೊನೆಯ ಸಾಲನ್ನು ಹೇಳದಿರಲಾರೆ. ಅವರೇ ಬರೆದುಕೊಟ್ಟ ಸುಳ್ಳು ಇಸವಿಯ ಪ್ರಕಾರ 65 ತುಂಬಿದ ಕೂಡಲೇ, 1941ರ ಡಿಸೆಂಬರಿನಲ್ಲಿ, ವಯೋಮಿತಿಯ ಕಾರಣದಿಂದ ಬಿಡುಗಡೆ ಮಾಡಿದ್ದಾರೆ. ಆಗ ಅವರಿಗೆ ನಿಜವಾಗಿ 74. ಹೋಂ ಗಾರ್ಡಿನವರಿಗೆ ಡಿಫೆನ್ಸ್ ಮೆಡಲ್ ಸಿಗಬೇಕಾದರೆ ಸಾಮಾನ್ಯವಾಗಿ ಮೂರು ವರ್ಷದ ಸೇವೆ ಬೇಕಿತ್ತು. ಇವರದು ಎರಡು ವರ್ಷವೂ ತುಂಬಿಲ್ಲ. ಇನ್ನೂ ಎರಡು ವರ್ಷ ಹೆಚ್ಚಿಗೆ ಕಳೆದು ಬರೆದಿದ್ದರೆ ಪದಕ ಕೈಗೆ ಬರುತ್ತಿತ್ತೇನೋ ಎಂದು ನಾನು ಅಲ್ಲಿಯೇ ಕುಳಿತು ಲೆಕ್ಕ ಹಾಕಿದೆ.

ಸುಡಾನ್ ಯುದ್ಧದ ಪದಕ ಪಡೆದವರ ಪಟ್ಟಿಯಲ್ಲಿ ಇವರ ಹೆಸರು ಹುಡುಕುವುದು ಇನ್ನೂ ಬಾಕಿಯಿದೆ. ಬರುವ ಮಂಗಳವಾರ ಮತ್ತೆ ಕ್ಯೂಗೆ ಹೋಗುತ್ತೇನೆ. ಸಿಕ್ಕಿದರೆ ಅಂದೇ ಬರೆಯುತ್ತೇನೆ.

ನಿನ್ನ ಗೆಳೆಯ