ಮೂರು ದಿನದೊಳಗೆ ಬಂದವರಿಗೆ, ಹಳೇ ಕಾಮಾಲೆ ಮರೆಯದೆ ಹೇಳಿದವರಿಗೆ

ಸರ್ಪಸುತ್ತಿನ ಬಗ್ಗೆ ನಡೆಸಿದ ತಿಳಿವಳಿಕೆ ಶಿಬಿರಗಳು ಈ ವಾರ ಮುಗಿದವು. ಬಂದವರಿಗೆಲ್ಲ ನಮ್ಮ ತಂಡದ ಮನಃಪೂರ್ವಕ ಧನ್ಯವಾದ.

ಎಲ್ಲಕ್ಕಿಂತ ಮೊದಲು ನೆನೆಯಬೇಕಾದವರು ಗುಳ್ಳೆ ಕಂಡ 72 ಗಂಟೆಯೊಳಗೆ ವೈದ್ಯರ ಬಳಿ ಹೋದವರು. ಚಿಕ್ಕಂದಿನ ಚಿಕನ್‌ಪಾಕ್ಸ್ ವಾಸಿಯಾದರೂ ಅದರ ವೈರಸ್ ಬೆನ್ನುಹುರಿಯ ಪಕ್ಕದ ನರಗಂಟುಗಳಲ್ಲಿ ದಶಕಗಟ್ಟಲೆ ಮಲಗಿರುತ್ತದೆ. ಅದನ್ನು ಅಲ್ಲೇ ಅದುಮಿಡುವುದು ಟಿ ಕಣಗಳು, ಅಂದರೆ ರೋಗದ ವಿರುದ್ಧ ಕಾವಲಿರುವ ಬಿಳಿ ರಕ್ತಕಣಗಳು. ವಯಸ್ಸು, ಕೀಮೋಥೆರಪಿ, ಸ್ಟೀರಾಯ್ಡ್ ಈ ಕಣಗಳ ಬಲ ಕುಗ್ಗಿಸಿದಾಗ ವೈರಸ್ ಎದ್ದು, ನರದ ಗುಂಟ ಚರ್ಮಕ್ಕೆ ಬರುತ್ತದೆ; ಅದೇ ಸರ್ಪಸುತ್ತು. ತಿಂಗಳುಗಟ್ಟಲೆ ಕಾಡುವ ಒತ್ತಡವೂ ಕಾರ್ಟಿಸೋಲ್ ಎಂಬ ಹಾರ್ಮೋನಿನ ಮೂಲಕ ಈ ಕಾವಲನ್ನು ಸಡಿಲಿಸಬಲ್ಲದು. ಹಾಗೆಂದು "ಚಿಂತೆ ಮಾಡಿಯೇ ಬರಿಸಿಕೊಂಡೆ" ಎಂದು ರೋಗಿಯನ್ನು ಬೈಯದ ಮನೆಯವರಿಗೆ ವಿಶೇಷ ನಮಸ್ಕಾರ. ಆ ಮಾತಿನಲ್ಲಿ ಸತ್ಯಕ್ಕಿಂತ ನೋವೇ ಹೆಚ್ಚು.

ಮೈಯ ಒಂದೇ ಪಕ್ಕದಲ್ಲಿ ಉರಿ ಶುರುವಾಗಿ, ಗುಳ್ಳೆ ಏಳಲು ಕೆಲವು ದಿನ ಹಿಡಿಯುತ್ತದೆ. ಉಳುಕು ಎಂದು ಎಣ್ಣೆ ತಿಕ್ಕುತ್ತಾ ಕೂತರೆ ಸಮಯ ಜಾರುತ್ತದೆ. ವೈರಸ್ ತಡೆಯುವ ಮಾತ್ರೆ ವ್ಯಾಲಸೈಕ್ಲೋವಿರ್ 1 ಗ್ರಾಂ, ದಿನಕ್ಕೆ 3 ಸಲ, 7 ದಿನ: ಸಾಮಾನ್ಯ ಪ್ರಮಾಣ ಇಷ್ಟು. ಇದು ವೈರಸ್ ಹೆಚ್ಚದಂತೆ ತಡೆಯುತ್ತದೆ, ಕೆಟ್ಟ ನರವನ್ನು ರಿಪೇರಿ ಮಾಡುವುದಿಲ್ಲ. ಬೇಗ ಬನ್ನಿ ಎಂದು ಅಷ್ಟು ಒತ್ತಿ ಹೇಳಿದ್ದು ಅದಕ್ಕೇ. ಕಿಡ್ನಿ ದುರ್ಬಲವಿದ್ದರೆ ಪ್ರಮಾಣ ಇಳಿಸಬೇಕು, ಇಲ್ಲವಾದರೆ ಗೊಂದಲ, ಭ್ರಮೆ ಕಾಣಿಸಬಹುದು. ಕಿಡ್ನಿ ಹೇಗಿದೆ ಎಂದು ತೋರಿಸುವ ಕ್ರಿಯಾಟಿನಿನ್ ರಿಪೋರ್ಟ್ ಕೈಯಲ್ಲೇ ಹಿಡಿದು ಬಂದವರು ದೊಡ್ಡ ಉಪಕಾರ ಮಾಡಿದಿರಿ. ಮೂಗಿನ ತುದಿಯ ಗುಳ್ಳೆ ನೋಡಿ ಅದೇ ದಿನ ಕಣ್ಣಿನ ವೈದ್ಯರ ಬಳಿಗೆ ಓಡಿದವರೂ ಅಷ್ಟೇ, ಏಕೆಂದರೆ ಕಣ್ಣಿಗೆ ಹೋಗುವುದೂ ಅದೇ ನರ.

"ಹಿಂದೊಮ್ಮೆ ಕಾಮಾಲೆ ಆಗಿತ್ತು" ಎಂದು ಕೀಮೋಗೆ ಮುಂಚೆ ಬಾಯಿಬಿಟ್ಟು ಹೇಳಿದವರಿಗೆ ಎಷ್ಟು ಕೃತಜ್ಞತೆ ಹೇಳಿದರೂ ಸಾಲದು. ಕಾಮಾಲೆ ತರಬಲ್ಲ ಹೆಪಟೈಟಿಸ್ ಬಿ ವೈರಸ್ ಕೂಡ ಯಕೃತ್ತಿನಲ್ಲಿ ಹೀಗೆಯೇ ಅಡಗುತ್ತದೆ. ಈಗಿನ ಸೋಂಕು ಹುಡುಕುವ ಮೇಲ್ಮೈ ಆಂಟಿಜೆನ್ ಪರೀಕ್ಷೆ ನೆಗೆಟಿವ್ ಬಂದರೂ, ಹಿಂದೆ ಸೋಂಕು ತಗುಲಿದ್ದರ ಗುರುತಾದ ಕೋರ್ ಆಂಟಿಬಾಡಿ ಪಾಸಿಟಿವ್ ಇದ್ದವರಲ್ಲಿ ರಿಟುಕ್ಸಿಮ್ಯಾಬ್ (ಕೆಲವು ರಕ್ತ ಕ್ಯಾನ್ಸರ್‌ಗಳಿಗೆ ಕೊಡುವ ಔಷಧ) ನಂತರ ಅದು ಮರುಕಳಿಸಬಹುದು. ಅಂಥವರಿಗೆ ತಡೆಮಾತ್ರೆ ಮೊದಲೇ ಶುರುವಾಗಬೇಕು, ರಿಟುಕ್ಸಿಮ್ಯಾಬ್ ಮುಗಿದ ಮೇಲೂ ಕನಿಷ್ಠ 12 ತಿಂಗಳು ನಡೆಯಬೇಕು. ಮೈ ಹುಷಾರಾಯಿತೆಂದು ನಡುವೆ ನಿಲ್ಲಿಸಿದಾಗಲೇ ಯಕೃತ್ತು ಕೆಡುವುದು.

ಗುಳ್ಳೆ ಒಣಗಿ ಹಕ್ಕಳೆ ಕಟ್ಟುವವರೆಗೆ ಬಟ್ಟೆ ಮುಚ್ಚಿಟ್ಟು, ಚಿಕನ್‌ಪಾಕ್ಸ್ ಆಗದ ಗರ್ಭಿಣಿಯರಿಂದ, ಹಸುಗೂಸುಗಳಿಂದ ದೂರ ಉಳಿದವರಿಗೂ ವಂದನೆ. 50 ದಾಟಿದ ಮೇಲೆ ಸರ್ಪಸುತ್ತಿನ ಲಸಿಕೆ ಹಾಕಿಸಿ, ಮೊದಲ ಡೋಸ್‌ಗೆ ತೋಳು ನೋವು, ಜ್ವರ ಬಂದರೂ 2ರಿಂದ 6 ತಿಂಗಳೊಳಗೆ ಎರಡನೆಯದಕ್ಕೂ ತೋಳು ಚಾಚಿದವರಿಗೂ.