ಭಾನುವಾರದ ಅರ್ಥಶಾಸ್ತ್ರ ಓದಿನ ಕುರಿತು ಸದಸ್ಯರಿಗೆ ಸೂಚನೆ

ಮಾನ್ಯ ಸದಸ್ಯರೇ,

ಈ ಭಾನುವಾರ ಸಂಜೆ 5 ಗಂಟೆಗೆ ಮಾಟುಂಗದಲ್ಲಿ ಎಂದಿನ ಜಾಗದಲ್ಲೇ ಸೇರುತ್ತೇವೆ. ಇರುವ ಸಂಪನ್ಮೂಲ ಮಿತವಾಗಿದ್ದು ಬೇಡಿಕೆ ಹೆಚ್ಚಾಗಿರುವಾಗ ಯಾವುದು ಯಾರಿಗೆ ಎಷ್ಟು ಸಲ್ಲಬೇಕು ಎಂಬುದನ್ನು ಬೇರೆ ಬೇರೆ ಅರ್ಥವ್ಯವಸ್ಥೆಗಳು ಹೇಗೆ ನಿರ್ಧರಿಸುತ್ತವೆ ಎಂಬುದೇ ಈ ಸಲದ ವಿಷಯ.

ಬರುವ ಮೊದಲು ಒಮ್ಮೆ ದಾದರಿನ ಹೂವಿನ ಮಾರುಕಟ್ಟೆಯನ್ನು ನೋಡಿ ಬನ್ನಿ. ದಸರೆಯ ಹಿಂದಿನ ದಿನ ಏರುವ ಚೆಂಡುಹೂವಿನ ದರ, ಹಬ್ಬದ ಸಂಜೆ ಉಳಿದ ರಾಶಿ ಬಾಡತೊಡಗಿದಾಗ ಕುಸಿಯುತ್ತದೆ. ಇಲ್ಲಿ ಹಂಚುವ ಕೆಲಸವನ್ನು ಬೆಲೆಯೇ ಮಾಡುತ್ತದೆ. ಅದೇ ರಸ್ತೆಯ ಪಡಿತರ ಅಂಗಡಿಯಲ್ಲಿ ನಿರ್ಧರಿಸುವುದು ಕಾರ್ಡು: 2013ರ ಆಹಾರ ಭದ್ರತಾ ಕಾಯ್ದೆಯಂತೆ ಆದ್ಯತಾ ಕುಟುಂಬದ ಪ್ರತಿ ಸದಸ್ಯರಿಗೆ ತಿಂಗಳಿಗೆ 5 ಕಿಲೋ ಧಾನ್ಯ. ಚಾಳಿನ ನಲ್ಲಿಯ ಮುಂದೆ ನೀರು ಸಿಗುವುದು ಕೊಡಗಳ ಸರದಿಯಿಂದ. ಆ ಸರದಿಯಲ್ಲಿ ಕಳೆದ ಒಂದು ಗಂಟೆಯಲ್ಲಿ ಮಾಡಬಹುದಾಗಿದ್ದ ದುಡಿಮೆಯೇ ಅವಕಾಶ ವೆಚ್ಚ. ಬಡವರ ಪಾಲಿಗೆ ಅದು ಸಣ್ಣದಲ್ಲ ಎಂಬುದನ್ನು ನಾವು ಮರೆಯಬಾರದು.

ಸೋವಿಯತ್ ಒಕ್ಕೂಟದಲ್ಲಿ 1928ರಿಂದ ಪಂಚವಾರ್ಷಿಕ ಯೋಜನೆಗಳೇ ಉತ್ಪಾದನೆಯ ಗುರಿಗಳನ್ನು ನಿಗದಿ ಮಾಡಿದವು. ಬೆಲೆಗೆ ಏರಿಳಿಯುವ ಸ್ವಾತಂತ್ರ್ಯವಿಲ್ಲದ್ದರಿಂದ ಕೊರತೆಯು ಅಂಗಡಿಗಳ ಮುಂದಿನ ಸಾಲಾಗಿ ಕಾಣಿಸಿಕೊಂಡಿತು. ನಮ್ಮದು ಮಾರುಕಟ್ಟೆ, ಸರ್ಕಾರ ಎರಡೂ ಹಂಚುವ ಮಿಶ್ರ ಅರ್ಥವ್ಯವಸ್ಥೆ. 1991ರಲ್ಲಿ ಹೆಚ್ಚಿನ ಉದ್ಯಮಗಳಿಗೆ ಸರ್ಕಾರದ ಲೈಸೆನ್ಸ್ ಬೇಕೆಂಬ ನಿಯಮ ರದ್ದಾದರೂ ಪಡಿತರ ಉಳಿಯಿತು, ಉಳಿದದ್ದು ಸರಿಯೆಂದೇ ನನ್ನ ಅಭಿಪ್ರಾಯ. ಒಪ್ಪದವರು ದಯವಿಟ್ಟು ತಮ್ಮ ವಾದವನ್ನು ಬರೆದು ತರಬೇಕು.

ಬರುವವರು ಶುಕ್ರವಾರದೊಳಗೆ ಇಲ್ಲಿ ತಿಳಿಸಬೇಕೆಂದು ವಿನಂತಿ.